ಫೋನಿಗೆ ಕವರ್ ಇದೆ, ಗರಗಸಕ್ಕೆ ಯಾಕಿಲ್ಲ?

ಹೋದ ವಾರ ಪಕ್ಕದ ತೋಟದ ಹುಡುಗ ಹೊಸ ಗರಗಸ ತೋರಿಸೋಕೆ ಬಂದಿದ್ದ. ಆನ್‌ಲೈನ್‌ನಲ್ಲಿ ತರಿಸಿದ್ದು. 13 ಇಂಚಿನ ಬಾಗಿದ ಅಲಗು, ರಬ್ಬರ್ ಹಿಡಿ, ಬೆರಳು ಸೋಕಿದ್ರೆ ಸಾಕು ಚರ್ಮ ಕೀಳೋ ಹಂಗಿರೋ ಹಲ್ಲು. "ಅಣ್ಣ, ಮಣಿಕಟ್ಟು ದಪ್ಪದ ಕೊಂಬೆ ನೋಡ್ತಾ ನೋಡ್ತಾ ಬೀಳ್ತದೆ" ಅಂದ. ನಾನೂ ಒಂದು ಕೊಂಬೆ ಕೊಯ್ದು ನೋಡಿದೆ. ನಿಜ, ಒಳ್ಳೆ ಗರಗಸ. ಆಮೇಲೆ ಅವನು ಅದನ್ನ ಹಂಗೇ ಪ್ಯಾಂಟಿನ ಬೆಲ್ಟಿಗೆ ಬೆನ್ನ ಹಿಂದೆ ಸಿಕ್ಕಿಸಿಕೊಂಡು, ಸಿಲ್ವರ್ ಮರಕ್ಕೆ ಏಣಿ ಒರಗಿಸೋಕೆ ಹೊರಟ.

ಕರೆದು ನಿಲ್ಲಿಸಿದೆ. "ನಿನ್ನ ಫೋನ್ ಕೊಡು" ಅಂದೆ. ಕೊಟ್ಟ. ಹಿಂದೆ ದಪ್ಪ ಕವರ್, ಮುಂದೆ ಟೆಂಪರ್ಡ್ ಗ್ಲಾಸ್, ಮೇಲಿಂದ ಮಳೆಗೆ ಅಂತ ಪ್ಲಾಸ್ಟಿಕ್ ಪೌಚ್. "ಈ ಫೋನ್ ಬಿದ್ರೆ ಏನಾಗ್ತದೆ?" "ಗ್ಲಾಸ್ ಹೋಗ್ತದೆ." "ಆ ಗರಗಸದ ಮೇಲೆ ನೀನು ಬಿದ್ರೆ?" ಸುಮ್ಮನೆ ನಕ್ಕ. ಆದ್ರೆ ಗರಗಸ ಬೆಲ್ಟಿನಿಂದ ತೆಗೆದು ಕೈಯಲ್ಲಿ ಹಿಡ್ಕೊಂಡ.

ಈ ಲೇಖನ ಅವನಿಗಾಗಿ ಬರೀತಾ ಇದ್ದೇನೆ. ಅವನಂಥವರು ನಮ್ಮ ಕಡೆ ಈಗ ಬಹಳ ಜನ ಇದ್ದಾರೆ. ಮರಗಸಿಗೆ ಆಳು ಸಿಗಲ್ಲ, ಸಿಕ್ಕಿದ್ರೂ ಕೂಲಿ ಕೊಟ್ಟು ಪೂರೈಸಲ್ಲ ಅಂತ ತಾವೇ ಮರ ಹತ್ತೋಕೆ ಶುರು ಮಾಡಿದವರು. ಒಳ್ಳೆಯದೇ. ನಾನೂ ಹಂಗೇ ಕಲಿತವನು. ಆದ್ರೆ ಗರಗಸ ಹೇಗೆ ಉಪಯೋಗಿಸಬೇಕು ಅಂತ ವಿಡಿಯೋ ನೋಡಿ ಕಲಿತೀವಿ, ಗರಗಸವನ್ನ ಮರದ ಮೇಲೆ ಹೇಗೆ ಒಯ್ಯಬೇಕು ಅಂತ ಯಾರೂ ಕಲಿಸಲ್ಲ. ಕೊಯ್ಯೋ ಕೆಲಸ ಹತ್ತು ನಿಮಿಷದ್ದು. ಗರಗಸ ನಮ್ಮ ಮೈಮೇಲೆ ಇರೋದು ದಿನವಿಡೀ.

ನನ್ನ ಕೈಯಿಂದ ಆದದ್ದು

ಇದು ಆರು ವರ್ಷದ ಹಿಂದಿನ ಮಾತು. ಹೂಮಳೆ ಆಗಿ ಕಾಫಿ ಹೂವು ಮುಗಿದಿತ್ತು, ಮುಂಗಾರು ಹಿಡಿಯೋದ್ರೊಳಗೆ ನೆರಳು ಬಿಡಿಸಬೇಕು ಅಂತ ಅವಸರದಲ್ಲಿದ್ದೆ. ನಾನು ಸುಮಾರು 30 ಅಡಿ ಮೇಲೆ, ಸಿಲ್ವರ್ ಮರದ ಮೇಲಿದ್ದೆ. ಕೆಳಗೆ ನಮ್ಮ ತೋಟಕ್ಕೆ ವರ್ಷಗಳಿಂದ ಬರ್ತಾ ಇದ್ದ ಅಕ್ಕ ಒಬ್ಬರು ಬಿದ್ದ ಕೊಂಬೆಯಿಂದ ಸೌದೆ ಹೊರೆ ಕಟ್ತಾ ಇದ್ದರು.

ಪ್ರತಿ ಕೊಂಬೆ ಬೀಳೋ ಮುಂಚೆ ನಾನು "ದೂರ ಹೋಗಿ" ಅಂತ ಕೂಗ್ತಿದ್ದೆ. ಅವರು ಹೋಗ್ತಿದ್ದರು. ಕೊಂಬೆ ಬಿದ್ದ ಮೇಲೆ ಬರ್ತಿದ್ದರು. ಅದರಲ್ಲಿ ಇಬ್ಬರದೂ ತಪ್ಪಿರಲಿಲ್ಲ. ಒಂದು ಸಲ ಬೆಲ್ಟಿನ ಹಗ್ಗ ಒಂದು ಕೊಂಬೆ ಮೇಲಕ್ಕೆ ಸರಿಸಬೇಕಾಗಿತ್ತು. ಅದಕ್ಕೆ ಎರಡೂ ಕೈ ಬೇಕು. ಗರಗಸದ ಬಾಗಿದ ಅಲಗನ್ನ ಪಕ್ಕದ ಕೊಂಬೆಗೆ ಕೊಕ್ಕೆ ಥರ ಸಿಕ್ಕಿಸಿ, ಹಗ್ಗ ಸರಿಸಿದೆ. ನನ್ನ ಭಾರ ಬದಲಾದಾಗ ಮರ ಅಲುಗಿತು. ಗರಗಸ ಜಾರಿತು. ನಾನು ಕೂಗೋದ್ರೊಳಗೆ ಅದು ಕೆಳಗೆ ತಲುಪಿತ್ತು.

ಆಮೇಲೆ ಲೆಕ್ಕ ಹಾಕಿ ನೋಡಿದ್ದೇನೆ. 30 ಅಡಿಯಿಂದ ಬಿದ್ದ ವಸ್ತು ನೆಲ ಮುಟ್ಟೋಕೆ ಒಂದೂವರೆ ಸೆಕೆಂಡೂ ಬೇಡ. ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 48 ಕಿಲೋಮೀಟರ್. "ಅಕ್ಕಾ" ಅಂತ ಬಾಯಿ ತೆರೆದು, ಅವರು ತಲೆ ಎತ್ತಿ ನೋಡಿ, ಪಕ್ಕಕ್ಕೆ ಸರಿಯೋಕೆ ಆ ಸಮಯ ಸಾಲಲ್ಲ. ತಲೆ ಎತ್ತದೆ ಇದ್ದಿದ್ದೇ ಒಳ್ಳೆದಾಯ್ತು, ಮುಖಕ್ಕೆ ಬೀಳಲಿಲ್ಲ. ಎಡಗೈ ಮುಂಗೈ ಮೇಲೆ ಬಿತ್ತು.

14 ಹೊಲಿಗೆ. ಒಳಗೆ ನರ ಕಟ್ಟಾಗಿತ್ತು. ಆಸ್ಪತ್ರೆ ಖರ್ಚು ನಾನೇ ಕೊಟ್ಟೆ, ಮೂರು ತಿಂಗಳು ಕೂಲಿ ಕೊಟ್ಟೆ. ಅದನ್ನ ದೊಡ್ಡಸ್ತಿಕೆಗೆ ಹೇಳ್ತಾ ಇಲ್ಲ, ಕೊಡದೆ ಇದ್ದಿದ್ರೆ ಮನುಷ್ಯನೇ ಅಲ್ಲ. ಆದ್ರೆ ಇವತ್ತಿಗೂ ಹಣ್ಣು ಕೊಯ್ಯುವಾಗ ಅವರ ಎಡಗೈಯ ಎರಡು ಬೆರಳು ಪೂರ್ತಿ ಮಡಚಲ್ಲ. ರೆಕ್ಕೆ ಹಿಡಿದು ಬಾಗಿಸಬೇಕಾದಾಗ ಕೈ ತಿರುಗಿಸಿ ಹೆಬ್ಬೆರಳಲ್ಲಿ ಒತ್ತಿ ಹಿಡೀತಾರೆ. ಪ್ರತಿ ಕೊಯ್ಲಿನಲ್ಲೂ ಅದು ನನ್ನ ಕಣ್ಣಿಗೆ ಬೀಳ್ತದೆ.

ಆವತ್ತಿಂದ ನನಗೆ ಗೊತ್ತಾದದ್ದು ಒಂದು ವಿಷಯ. ಕೊಂಬೆ ಬೀಳುವಾಗ ಎಲ್ಲರೂ ಎಚ್ಚರವಾಗಿರ್ತಾರೆ. ಗರಗಸ ಬೀಳೋದು ಕೊಂಬೆ ಬೀಳದೆ ಇರೋ ಹೊತ್ತಲ್ಲಿ. ಜಾಗ ಬದಲಿಸುವಾಗ, ಬೆವರು ಒರೆಸುವಾಗ, ಫೋನ್ ರಿಂಗಾದಾಗ. ಆ ಹೊತ್ತಲ್ಲೇ ಕೆಳಗಿನವರು ಮರದ ಬುಡಕ್ಕೆ ಬರ್ತಾರೆ.

ಕತ್ತಿಗೆ ಜಾಗ ಇದೆ

ನಮ್ಮ ಹಿರಿಯರು ಇದನ್ನ ಯೋಚನೆ ಮಾಡಿರಲಿಲ್ಲವಾ? ಮಾಡಿದ್ದರು. ಆದ್ರೆ ಕತ್ತಿಗೆ ಮಾಡಿದ್ದರು. ಮಲೆನಾಡಿನಲ್ಲಿ ಸೊಂಟಕ್ಕೆ ಕಟ್ಟೋ ಕತ್ತಿಕೊಕ್ಕೆ ನೋಡಿ. ಕತ್ತಿ ಅದರಲ್ಲಿ ಬೆನ್ನ ಹಿಂದೆ ತೂಗ್ತದೆ, ಎರಡೂ ಕೈ ಖಾಲಿ ಇರ್ತದೆ, ಬೇಕಾದಾಗ ನೋಡದೇ ತೆಗೀಬಹುದು. ಕೊಡವರ ಒಡಿಕತ್ತಿಗೆ ಸೊಂಟದ ಹಿಂದೆ ಹಿತ್ತಾಳೆಯ ತೊಡಂಗ್ ಅಂತಲೇ ಬೇರೆ ಹಿಡಿಕೆ ಇದೆ. ಅಂದ್ರೆ ಆಯುಧ ಮಾಡಿದವರು ಅದನ್ನ ಒಯ್ಯೋ ದಾರಿಯನ್ನೂ ಜೊತೆಗೇ ಮಾಡಿದ್ದರು.

ಕೈಗರಗಸ ಮರದ ಮೇಲೆ ಬಂದದ್ದು ಈಚೆಗೆ. ಮೊದಲು ಅದು ಬಡಗಿಯ ಸಾಮಾನು. ಈಗ ಎಳೆಯುವಾಗ ಕೊಯ್ಯೋ ಬಾಗಿದ ಗರಗಸ ಬಂದ ಮೇಲೆ ನಾವೆಲ್ಲ ಅದಕ್ಕೆ ತಿರುಗಿದ್ದೀವಿ. ಅದು ಸರಿಯಾದ ತೀರ್ಮಾನ ಅಂತಲೇ ನನ್ನ ಅಭಿಪ್ರಾಯ. ಕತ್ತಿ ಬೀಸಬೇಕು, ಬೀಸಿದ್ದು ತಪ್ಪಿದ್ರೆ ಮೊಣಕಾಲಿಗೆ ಬರ್ತದೆ. ಗರಗಸಕ್ಕೆ ಬೀಸೋ ಕೆಲಸ ಇಲ್ಲ. ಕೊಯ್ದ ಜಾಗ ನುಣ್ಣಗೆ ಇರ್ತದೆ, ಸಿಪ್ಪೆ ಸೀಳಲ್ಲ, ಗಾಯ ಬೇಗ ಮುಚ್ಚಿಕೊಳ್ತದೆ. ಮೆಣಸಿನ ಬಳ್ಳಿ ಹಬ್ಬಿದ ಮರದಲ್ಲಿ ಬಳ್ಳಿಗೆ ಏಟು ಬೀಳದ ಹಾಗೆ ಕೊಯ್ಯಬಹುದು.

ಆದ್ರೆ ಕತ್ತಿಕೊಕ್ಕೆಯ ಜಾಗದಲ್ಲಿ ಗರಗಸಕ್ಕೆ ಏನೂ ಬರಲಿಲ್ಲ. ಕೊಕ್ಕೆಗೇ ಗರಗಸ ನೇತುಹಾಕೋರನ್ನ ನೋಡಿದ್ದೇನೆ. ಕತ್ತಿಗೆ ಬಾಯಿ ಒಂದೇ ಗೆರೆ, ಭಾರ ಇರೋದ್ರಿಂದ ನೇರ ನಿಲ್ತದೆ. ಗರಗಸ ಹಗುರ, ಹೆಜ್ಜೆಗೊಂದು ಸಲ ತಿರುಗ್ತದೆ, ತಿರುಗಿದಾಗಲೆಲ್ಲ ಹಲ್ಲು ತೊಡೆ ಹಿಂಭಾಗಕ್ಕೆ ಉಜ್ಜುತ್ತೆ.

ನಾವು ಒಯ್ಯೋ ಪರಿ

ನಮ್ಮ ಸುತ್ತಮುತ್ತ ನಾನು ಕಂಡದ್ದನ್ನೇ ಹೇಳ್ತೀನಿ. ಇದರಲ್ಲಿ ಅರ್ಧ ನಾನೂ ಮಾಡಿದ್ದೇ.

ಬೆಲ್ಟಿಗೆ ಸಿಕ್ಕಿಸೋದು. ಬೆನ್ನ ಹಿಂದೆ ಇದ್ರೆ, ಕಾಲು ಜಾರಿ ಎರಡು ಮೆಟ್ಟಿಲು ಕೆಳಗೆ ಕೂತರೂ ಸಾಕು, ಅಲಗು ಒಳಗೆ ಹೋಗ್ತದೆ. ಮುಂದೆ ಇದ್ರೆ ಕಾಲೆತ್ತಿದಾಗ ಹೊಟ್ಟೆಗೆ, ತೊಡೆ ಸಂದಿಗೆ. ತೊಡೆಯ ಸಂದಿಯಲ್ಲಿ ದೊಡ್ಡ ರಕ್ತನಾಳ ಇದೆ. ಅಲ್ಲಿ ಕೊಯ್ದುಕೊಂಡ್ರೆ ತೋಟದಿಂದ ರಸ್ತೆಗೆ ಬರೋ ಅಷ್ಟು ಸಮಯವೂ ಸಿಗದೆ ಇರಬಹುದು.

ಬಾಯಲ್ಲಿ ಕಚ್ಚಿಕೊಳ್ಳೋದು. ರೀಲ್ಸ್‌ನಲ್ಲಿ ಚೆನ್ನಾಗಿ ಕಾಣ್ತದೆ. ಕೊಂಬೆ ಮುಖಕ್ಕೆ ಬಡಿದ್ರೆ ತುಟಿ ಕೆನ್ನೆ ಏನಾಗ್ತದೆ ಅಂತ ರೀಲ್ಸ್‌ನಲ್ಲಿ ತೋರಿಸಲ್ಲ. ಬಾಯಲ್ಲಿ ಗರಗಸ ಇದ್ರೆ ಕೆಳಗಿನವರಿಗೆ ಕೂಗೋಕೂ ಆಗಲ್ಲ.

ಅಂಗಿಯ ಕಾಲರ್ ಒಳಗೆ ಬೆನ್ನಿಗೆ ಇಳಿಬಿಡೋದು. ಹತ್ತುವಾಗ ಪರವಾಗಿಲ್ಲ ಅನ್ನಿಸ್ತದೆ. ತೆಗೆಯುವಾಗ ಕತ್ತಿನ ಪಕ್ಕದಿಂದ ಎಳೀಬೇಕು.

ಒಂದು ಕೈಯಲ್ಲಿ ಗರಗಸ ಹಿಡಿದು ಹತ್ತೋದು. ಏಣಿ ಮೇಲೆ ಎರಡು ಕಾಲು, ಒಂದು ಕೈ, ಮೂರು ಕಡೆ ಹಿಡಿತ ಯಾವಾಗಲೂ ಇರಬೇಕು. ಗರಗಸ ಹಿಡಿದ ಕೈ ಹಿಡಿತದ ಲೆಕ್ಕಕ್ಕೆ ಬರಲ್ಲ. ಇರೋ ಇನ್ನೊಂದು ಕೈಯನ್ನ ಮುಂದಿನ ಮೆಟ್ಟಿಲಿಗೆ ಸರಿಸುವಾಗ ಪ್ರತಿ ಸಲ ಎರಡೂ ಕೈ ಬಿಟ್ಟ ಹಾಗೆ.

ಕೆಳಗಿಂದ ಮೇಲಕ್ಕೆ ಎಸೆಯೋದು. ಇದಕ್ಕೆ ನಾನೇನೂ ಹೇಳಲ್ಲ.

ಕೊಂಬೆಗೆ ಸಿಕ್ಕಿಸಿಡೋದು. ಅದರ ಕಥೆ ಮೇಲೆ ಹೇಳಿ ಆಯ್ತು.

ಇನ್ನೊಂದು ಅಪಾಯ ಬಹಳ ಜನಕ್ಕೆ ಹೊಳೆಯಲ್ಲ. ನೀವು ಬೆಲ್ಟು, ಹಗ್ಗ ಕಟ್ಟಿಕೊಂಡು ಕೆಲಸ ಮಾಡೋರಾದ್ರೆ, ಒರೆ ಇಲ್ಲದ ಗರಗಸ ನಿಮ್ಮ ಹಗ್ಗದ ಶತ್ರು. ಭಾರ ಬಿದ್ದು ಬಿಗಿಯಾಗಿರೋ ಹಗ್ಗಕ್ಕೆ ಗರಗಸದ ಹಲ್ಲು ಒಂದು ಸಲ ಉಜ್ಜಿದ್ರೂ ಎಳೆಗಳು ಪಟಪಟ ಅಂತ ಹರೀತಾ ಹೋಗ್ತವೆ. ಜೀವ ಕಾಯೋ ಹಗ್ಗದ ಪಕ್ಕದಲ್ಲೇ ಅದನ್ನ ಕೊಯ್ಯೋ ಸಾಮಾನು ಬರಿ ಬಾಯಲ್ಲಿ ತೂಗ್ತಾ ಇರೋದು ಯಾವ ಬುದ್ಧಿ?

ನಾನು ಈಗ ಮಾಡೋದು

ನನ್ನ ನಿಯಮ ಒಂದೇ ಸಾಲಿನದು: ಗರಗಸ ಕೊಯ್ತಾ ಇರಬೇಕು, ಇಲ್ಲಾ ಒರೆಯಲ್ಲಿರಬೇಕು. ಮೂರನೇ ಜಾಗ ಇಲ್ಲ.

ಒರೆ ಗಟ್ಟಿಯಾಗಿರಬೇಕು. ಬಟ್ಟೆ, ಗೋಣಿ, ತೆಳು ರೆಕ್ಸಿನ್ ಆಗಲ್ಲ. ನಾಲ್ಕು ದಿನಕ್ಕೆ ಹಲ್ಲು ಹೊರಗೆ ಬರ್ತದೆ. ಗಟ್ಟಿ ಪ್ಲಾಸ್ಟಿಕ್, ಇಲ್ಲಾ ದಪ್ಪ ಚರ್ಮಕ್ಕೆ ಒಳಗೆ ಅಂಚುಪಟ್ಟಿ ಕೊಟ್ಟು ಹೊಲಿದದ್ದು. ಅಲಗು ಪೂರ್ತಿ ಒಳಗೆ ಹೋಗಿ, ಹಿಡಿ ಮಾತ್ರ ಹೊರಗಿರಬೇಕು. ತಲೆಕೆಳಗು ಮಾಡಿ ಅಲುಗಾಡಿಸಿದ್ರೂ ಗರಗಸ ಬೀಳಬಾರದು. ಅದು ಬಿಗಿಯಿಂದ ನಿಲ್ಲದೆ ಇದ್ರೆ ಹಿಡಿ ಮೇಲೆ ಹಾಯೋ ಹಾಗೆ ಸೈಕಲ್ ಟ್ಯೂಬಿನ ಒಂದು ಪಟ್ಟಿ ಹಾಕಿ. ಕೊಳ್ಳೋದಾದ್ರೆ ಗರಗಸದ ಜೊತೆ ಒರೆ ಬರೋದನ್ನೇ ಕೊಳ್ಳಿ. ಇನ್ನೂರು ಮುನ್ನೂರು ಉಳಿಸೋಕೆ ಬರಿ ಗರಗಸ ತರಿಸಬೇಡಿ.

ಕಟ್ಟೋ ಜಾಗ ಸೊಂಟದ ಪಕ್ಕ. ನೀವು ಯಾವ ಕೈಯಲ್ಲಿ ಕೊಯ್ತೀರೋ ಆ ಬದಿ, ಪ್ಯಾಂಟಿನ ಹೊಲಿಗೆಗಿಂತ ಸ್ವಲ್ಪ ಹಿಂದೆ. ಬೆನ್ನುಮೂಳೆ ಮೇಲೆ ಬೇಡ, ಹೊಟ್ಟೆ ಮುಂದೆ ಬೇಡ. ಮರ ತಬ್ಬಿ ಹತ್ತುವಾಗ ಮುಂದೆ ಮರ ಇರ್ತದೆ, ಪಕ್ಕ ಖಾಲಿ ಇರ್ತದೆ. ಒರೆಯ ತುದಿ ಮೊಣಕಾಲಿಗಿಂತ ಮೇಲೇ ಮುಗೀಬೇಕು. ಇಲ್ಲದಿದ್ರೆ ಏಣಿ ಮೆಟ್ಟಿಲಿಗೆ ಸಿಕ್ಕಿಕೊಳ್ತದೆ. ತೂಗಾಡ್ತಾ ಇದ್ರೆ ತೊಡೆಗೆ ಒಂದು ಅಗಲ ಪಟ್ಟಿ ಕಟ್ಟಿ, ರಕ್ತ ಹಿಡಿಯೋ ಅಷ್ಟು ಬಿಗಿ ಬೇಡ. ಫೋನ್ ಇನ್ನೊಂದು ಬದಿಯ ಜಿಪ್ ಇರೋ ಜೇಬಿಗೆ, ಸೈಲೆಂಟ್ ಮಾಡಿ.

ಸೊಂಟದ ಬೆಲ್ಟು ಗರಗಸಕ್ಕೇ ಬೇರೆ ಇರಲಿ. ಮರಕ್ಕೆ ಕಟ್ಟಿಕೊಳ್ಳೋ ಸುರಕ್ಷತೆಯ ಬೆಲ್ಟು ಬೇರೆ. ಬಿದ್ದಾಗ ತಡೆಯೋದು ಮೈಪೂರ್ತಿ ಹಾಕೋ ಹಾರ್ನೆಸ್, ಬರೀ ಸೊಂಟದ ಪಟ್ಟಿ ಅಲ್ಲ, ಇದನ್ನ ಮರೀಬೇಡಿ. ಮತ್ತೆ ಹಗ್ಗ ಒಂದು ಬದಿಗೆ ಬಂದ್ರೆ, ಗರಗಸ ಕೊಯ್ಯೋದು ಅದರ ವಿರುದ್ಧ ಬದಿಯಲ್ಲಿ.

ನೇರ ಕಾಂಡ, ಕೊಂಬೆ ಇಲ್ಲದ ಮರ, ಜಾರೋ ಮರ ಆದ್ರೆ ನಾನು ಗರಗಸ ಮೈಮೇಲೆ ಒಯ್ಯೋದೇ ಇಲ್ಲ. ತೆಳು ಹಗ್ಗದ ಒಂದು ತುದಿ ಸೊಂಟಕ್ಕೆ ಕಟ್ಟಿಕೊಂಡು ಹತ್ತಿ, ಮೇಲೆ ಕೂತು, ನನ್ನನ್ನ ಮರಕ್ಕೆ ಕಟ್ಟಿಕೊಂಡ ಮೇಲೆ ಗರಗಸವನ್ನ ಒರೆ ಸಮೇತ ಎಳ್ಕೊಳ್ತೀನಿ. ಕೆಳಗಿನವರು ಗಂಟು ಹಾಕಿ ದೂರ ಹೋದ ಮೇಲೆ "ಎಳೀರಿ" ಅಂತಾರೆ, ಆಮೇಲೆ ಎಳೀತೀನಿ. ಇಳಿಯುವಾಗ ಮೊದಲು ಗರಗಸ, ಆಮೇಲೆ ನಾನು.

ಒರೆಗೆ ಹಾಕುವಾಗ ಕಣ್ಣು ಒರೆಯ ಬಾಯಿ ಮೇಲಿರಲಿ. ನನ್ನ ಬೆರಳಿಗೆ ಆದ ಸಣ್ಣ ಗಾಯಗಳೆಲ್ಲ ತೆಗೆಯುವಾಗ ಆದದ್ದಲ್ಲ, ಮುಂದಿನ ಕೊಂಬೆ ನೋಡ್ತಾ ಅಂದಾಜಿನಲ್ಲಿ ಒರೆಗೆ ತೂರಿಸುವಾಗ ಆದದ್ದು. ಎಡಗೈಯಲ್ಲಿ ಒರೆಯ ಬಾಯಿ ಹಿಡಿಯೋ ಅಭ್ಯಾಸ ಬಿಡಿ. ಅಲಗಿನ ಬೆನ್ನನ್ನ ಒರೆಯ ಅಂಚಿಗೆ ತಾಗಿಸಿ, ಜಾರಿಸಿ ಒಳಗೆ ಬಿಡಿ.

ಕೈಗೆ ದಾರ ಕಟ್ಟಬೇಕಾ?

ಇದರ ಬಗ್ಗೆ ನಮ್ಮಲ್ಲೇ ಜಗಳ ಇದೆ. ಗರಗಸದ ಹಿಡಿಗೆ ದಾರ ಕಟ್ಟಿ ಮಣಿಕಟ್ಟಿಗೆ ಹಾಕಿಕೊಂಡ್ರೆ ಬೀಳೋದೇ ಇಲ್ಲ ಅಂತ ಕೆಲವರು. ನಾನು ಒಪ್ಪಲ್ಲ.

ಕೊಂಬೆ ಬಾಗುವಾಗ ಕೊಯ್ದ ಸಂದಿ ಮುಚ್ಚಿಕೊಂಡು ಗರಗಸ ಕಚ್ಚಿಕೊಳ್ಳೋದು ನಿಮಗೆಲ್ಲ ಗೊತ್ತು. ಅದೇ ಹೊತ್ತಿಗೆ ಕೊಂಬೆ ಮುರಿದ್ರೆ ಗರಗಸ ಕೊಂಬೆ ಜೊತೆ ಹೋಗ್ತದೆ. ಅದು ನಿಮ್ಮ ಮಣಿಕಟ್ಟಿಗೆ ಕಟ್ಟಿದ್ರೆ ನೀವೂ ಜೊತೆಗೆ ಹೋಗ್ತೀರಿ. ಗರಗಸ ಹೋದ್ರೆ ಸಾವಿರ ಎರಡು ಸಾವಿರ. ಹೋಗಲಿ ಬಿಡಿ.

ದಾರ ಬೇಕೇ ಬೇಕು ಅನ್ನೋರು ಹೀಗೆ ಮಾಡಿ. ಮಣಿಕಟ್ಟಿಗೆ ಬೇಡ, ಸೊಂಟದ ಬೆಲ್ಟಿಗೆ ಕಟ್ಟಿ. ಮಧ್ಯೆ ಒಂದು ಗೇಣು ತೆಳು ಗೋಣಿದಾರ ಸೇರಿಸಿ. ನೆಲದ ಮೇಲೆ ನಿಂತು ಪರೀಕ್ಷೆ ಮಾಡಿ: ಗರಗಸ ಕೈಯಿಂದ ಬಿಟ್ರೆ ದಾರ ತಡೀಬೇಕು, ಕೈಯಲ್ಲಿ ಜೋರಾಗಿ ಜಗ್ಗಿದ್ರೆ ಹರೀಬೇಕು. ಎರಡೂ ಆದ್ರೆ ಮಾತ್ರ ಸರಿ. ಮತ್ತೆ ದಾರ ಇದೆ ಅಂತ ಗರಗಸ ಬಿಟ್ಟು ತೂಗಿಸಿಕೊಂಡು ಓಡಾಡಬೇಡಿ. ಹಂಗೆ ತೂಗೋ ಗರಗಸ ಮೊಣಕಾಲಿನ ಹತ್ತಿರವೇ ಇರ್ತದೆ.

ಅದಕ್ಕಿಂತ ಗರಗಸ ಕಚ್ಚಿಕೊಳ್ಳದ ಹಾಗೆ ಕೊಯ್ಯೋದು ಮುಖ್ಯ. ದಪ್ಪ ಕೊಂಬೆಗೆ ಕಾಂಡದಿಂದ ಒಂದು ಅಡಿ ಆಚೆ ಮೊದಲು ಕೆಳಗಿಂದ ಕಾಲು ಭಾಗ ಕೊಯ್ಯಿರಿ, ಆಮೇಲೆ ಅದಕ್ಕಿಂತ ಎರಡು ಮೂರು ಇಂಚು ಆಚೆ ಮೇಲಿಂದ. ಕೊಂಬೆ ಸಿಪ್ಪೆ ಸೀಳದೆ ಮುರಿದು ಬೀಳ್ತದೆ. ಉಳಿದ ಮೋಟನ್ನ ಕೊನೆಗೆ, ಕಾಂಡದ ಹತ್ತಿರ ಉಬ್ಬಿದ ಭಾಗಕ್ಕೆ ಏಟಾಗದ ಹಾಗೆ ತೆಗೀರಿ.

ಮಡಚೋ ಗರಗಸದ ಬಗ್ಗೆ ಕೇಳ್ತೀರಿ. ಜೇಬಲ್ಲಿ ಇಡಬಹುದು, ಒರೆಯೇ ಬೇಡ ಅಂತ. ನೆಲದಲ್ಲಿ ನಿಂತು ಕಾಫಿ ಗಿಡ ಕಸಿ ಮಾಡೋಕೆ ಅದು ಬಹಳ ಒಳ್ಳೆಯದು, ನನ್ನ ಹತ್ರವೂ ಇದೆ. ಮರದ ಮೇಲೆ ನನಗೆ ಬೇಡ. ತೆಗೆಯೋಕೂ ಮುಚ್ಚೋಕೂ ಎರಡು ಕೈ ಬೇಕು. ಮರದ ಮೇಲೆ ಎರಡು ಕೈ ಬಿಡುವಿರಲ್ಲ, ಹಂಗಾಗಿ ಮುಚ್ಚದೇ ಎಲ್ಲೋ ಸಿಕ್ಕಿಸ್ತೀವಿ. ಮತ್ತೆ ಶುರುವಿಗೇ ಬಂದೆವು.

ಮನೆಯಲ್ಲೇ ಒರೆ ಮಾಡೋದು

ಒರೆ ಇಲ್ಲದ ಗರಗಸ ಈಗಾಗಲೇ ಇದ್ರೆ ಬಿಸಾಕಬೇಡಿ. ನೀರಾವರಿ ಕೆಲಸದಲ್ಲಿ ಉಳಿದ ಪಿವಿಸಿ ಪೈಪಿನ ತುಂಡು ಸಾಕು. ಒಂದೂವರೆ ಇಂಚಿನ ಪೈಪ್ ಚಪ್ಪಟೆ ಮಾಡಿದ್ರೆ ಸುಮಾರು ಮೂರು ಇಂಚು ಅಗಲ ಬರ್ತದೆ. ಅಲಗು ಜಾಸ್ತಿ ಬಾಗಿದ್ರೆ ಎರಡು ಇಂಚಿನದು ತಗೊಳ್ಳಿ. ಅಲಗಿಗಿಂತ ಎರಡು ಇಂಚು ಉದ್ದ ಇರಲಿ.

ಬಚ್ಚಲ ಹಂಡೆಯಲ್ಲಿ ನೀರು ಕುದಿಸಿ, ಪೈಪನ್ನ ಅದರಲ್ಲಿ ಮುಳುಗಿಸಿಡಿ. ಕೆಲವು ನಿಮಿಷಕ್ಕೆ ಮೆತ್ತಗಾಗ್ತದೆ. ದಪ್ಪ ಬಟ್ಟೆಯಲ್ಲಿ ಹಿಡಿದು ತೆಗೆದು, ಒಳಗೆ ಅಲಗಿಗಿಂತ ಸ್ವಲ್ಪ ದಪ್ಪದ ಮರದ ಪಟ್ಟಿ ತೂರಿಸಿ, ಎರಡು ಹಲಗೆ ಮಧ್ಯೆ ಇಟ್ಟು ಮೇಲೆ ನಿಂತುಕೊಳ್ಳಿ. ತಣ್ಣಗಾದ ಮೇಲೆ ಪಟ್ಟಿ ಎಳೆದ್ರೆ ಒರೆ ಸಿದ್ಧ. ಬೆಂಕಿಯಲ್ಲಿ ಸುಡಬೇಡಿ, ಆ ಹೊಗೆ ವಿಷ. ತುದಿಯನ್ನ ಒತ್ತಿ ಕಿರಿದು ಮಾಡಿ, ಪೂರ್ತಿ ಮುಚ್ಚಬೇಡಿ. ಮಳೆ ನೀರು, ಮರದ ಪುಡಿ ಇಳಿದು ಹೋಗಬೇಕು, ಅಲಗಿನ ತುದಿ ಹೊರಗೆ ಬರಬಾರದು. ಮೇಲೆ ಎರಡು ತೂತು ಕೊರೆದು ಬೆಲ್ಟಿಗೆ ಅಗಲ ಪಟ್ಟಿ ಹಾಕಿ. ಬಾಯಿಯ ಅಂಚನ್ನ ಅರದಿಂದ ಉಜ್ಜಿ ನುಣ್ಣಗೆ ಮಾಡಿ.

ಒರೆಯಿಂದ ಇನ್ನೊಂದು ಲಾಭ ಇದೆ. ಈಗ ಬರೋ ಎಷ್ಟೋ ಗರಗಸಗಳ ಹಲ್ಲು ವಿಶೇಷವಾಗಿ ಗಡಸು ಮಾಡಿದ್ದು, ಮೊಂಡಾದ್ರೆ ಅರ ಹಾಕೋಕೆ ಬರಲ್ಲ. ಏಣಿಗೆ, ಕಲ್ಲಿಗೆ ತಾಗಿ ಹಲ್ಲು ಮುರಿದ್ರೆ ಹೊಸ ಅಲಗೇ ಗತಿ. ಒರೆಯಲ್ಲಿದ್ರೆ ಹಲ್ಲು ಉಳೀತದೆ. ಸಂಜೆ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಇಡಿ. ಹಲಸಿನ ಮೇಣಕ್ಕೂ ಅದೇ ಎಣ್ಣೆ ಆಗ್ತದೆ.

"ನಮಗೆ ಅಭ್ಯಾಸ ಇದೆ"

ಇದನ್ನ ಹೇಳಿದಾಗಲೆಲ್ಲ ಬರೋ ಉತ್ತರ ಇದು. ನಮ್ಮಲ್ಲಿಗೆ ಮರಗಸಿಗೆ ಬರೋ ಮೇಸ್ತ್ರಿ ಮೊದಲ ದಿನ ಒರೆ ನೋಡಿ, "ಅಣ್ಣ, ನಾನು ನಿಮ್ಮಪ್ಪನ ಕಾಲದಿಂದ ಹತ್ತುತ್ತಾ ಇದೀನಿ, ಇದೆಲ್ಲ ತೊಡಕು" ಅಂದಿದ್ದರು. ಅವರ ಅಭ್ಯಾಸದ ಬಗ್ಗೆ ನನಗೆ ಗೌರವ ಇದೆ. ಆದ್ರೆ ಅಭ್ಯಾಸ ಕಾಯೋದು ಹತ್ತಿದವನನ್ನ. ಕೆಳಗೆ ಸೌದೆ ಕಟ್ಟೋರಿಗೆ ಅದರಿಂದ ಏನೂ ಸಿಗಲ್ಲ. ನಾನು ಜಾರಲಿಲ್ಲ, ಬೀಳಲಿಲ್ಲ. ನನ್ನ ಅಭ್ಯಾಸ ಆವತ್ತು ನನ್ನನ್ನ ಪೂರ್ತಿ ಕಾದಿತ್ತು.

ಟೈಮ್ ಹಾಳು ಅನ್ನೋದು ಎರಡನೇ ಮಾತು. ಫೋನಿನಲ್ಲಿ ಟೈಮರ್ ಹಾಕಿ ನೋಡಿದ್ದೇನೆ. ಹಗ್ಗ ಇಳಿಬಿಟ್ಟು ಗರಗಸ ಎಳ್ಕೊಳ್ಳೋಕೆ ನನಗೆ ಒಂದೂವರೆ ನಿಮಿಷ ಬೇಕು. ದಿನಕ್ಕೆ 15 ಮರ ಅಂದ್ರೂ 23 ನಿಮಿಷ ದಾಟಲ್ಲ. ಏಣಿ ಹಾಕೋ ಮರಕ್ಕೆ ಅದೂ ಬೇಡ, ಒರೆ ಸಾಕು. ಅಷ್ಟು ಹೊತ್ತು ನಾವು ಕಾಫಿ ಕುಡಿಯೋಕೆ, ಮೆಸೇಜ್ ನೋಡೋಕೆ ಕಳೀತೀವಿ.

ಮೂರನೆಯದು ದುಡ್ಡು. ಇಲ್ಲಿ ನಾನು ತೋಟದವರಿಗೆ ನೇರವಾಗಿ ಹೇಳ್ತೀನಿ. ಆಳಿನ ಕೈಗೆ ಗರಗಸ ಕೊಟ್ಟವರು ಒರೆಯನ್ನೂ ಕೊಡಬೇಕು. ಅವರೇ ತರಲಿ ಅನ್ನೋದು ಸರಿಯಲ್ಲ. ಒಂದು ಒರೆಯ ಬೆಲೆ ಮರಗಸಿಯವರ ಒಂದು ದಿನದ ಕೂಲಿಗಿಂತ ಕಮ್ಮಿ. ಕೂಲಿ ಕೊಡುವಾಗ ನಾವು ಕೆಲಸ ಕೊಳ್ತೀವಿ, ಅವರ ಕೈ ಬೆರಳನ್ನ ಅಲ್ಲ. ಮೇಸ್ತ್ರಿಗೆ ಒರೆ ಕೊಟ್ಟೆ, ಎರಡು ದಿನ ಗೊಣಗಿದರು. ಮೂರನೇ ದಿನ ಕತ್ತಿ ಹಿಂದೆ ಕೊಕ್ಕೆಯಲ್ಲಿ, ಗರಗಸ ಪಕ್ಕದಲ್ಲಿ ಒರೆಯಲ್ಲಿ. ಈಗ ಬೇರೆ ತೋಟಕ್ಕೆ ಹೋಗುವಾಗಲೂ ಅದನ್ನ ಬಿಟ್ಟು ಹೋಗಲ್ಲ.

ಹತ್ತದೆ ಆಗೋದಾದ್ರೆ

ಎಲ್ಲಕ್ಕಿಂತ ಒಳ್ಳೆಯದು ಮರವನ್ನೇ ಹತ್ತದೆ ಕೊಯ್ಯೋದು. 15, 20 ಅಡಿ ಎತ್ತರದ ಸಣ್ಣ ಕೊಂಬೆಗೆ ದೋಟಿ ತುದಿಗೆ ಕಟ್ಟೋ ಗರಗಸ ಸಾಕಾಗ್ತದೆ. ಅಡಿಕೆಗೆ ಬಂದಿರೋ ಹಗುರದ ದೋಟಿಗಳಿಗೂ ಗರಗಸದ ತಲೆ ಹಾಕೋರಿದ್ದಾರೆ. ಆದ್ರೆ ಒಂದು ಎಚ್ಚರ. ಅಲ್ಯೂಮಿನಿಯಂ ಏಣಿಯಲ್ಲಿ ಹೇಗೋ ಹಾಗೇ ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟ್ ಹರೀತದೆ. ಕಾಫಿ ತೋಟದಲ್ಲಿ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಜೀವ ಹೋದ ಸುದ್ದಿಗಳನ್ನ ನಾವೆಲ್ಲ ಓದಿದ್ದೀವಿ. ತಂತಿ ಹತ್ತಿರದ ಮರಕ್ಕೆ ಏಣಿಯೂ ಬೇಡ, ದೋಟಿಯೂ ಬೇಡ. 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ ಆಮೇಲೆ ಮುಟ್ಟಿ.

ಇಷ್ಟೆಲ್ಲ ಮಾಡಿಯೂ ಗಾಯ ಆದ್ರೆ, ಕಾಫಿ ಪುಡಿ, ಸುಣ್ಣ ಹಾಕಬೇಡಿ. ಚೊಕ್ಕ ಬಟ್ಟೆ ಮಡಚಿ ಗಾಯದ ಮೇಲೆ ಬಿಡದೆ ಒತ್ತಿ ಹಿಡೀರಿ, ಕೈಯೋ ಕಾಲೋ ಆದ್ರೆ ಎತ್ತರಕ್ಕೆ ಹಿಡೀರಿ, 108ಕ್ಕೆ ಫೋನ್ ಮಾಡಿ. ನಮ್ಮ ತೋಟಗಳಲ್ಲಿ ನೆಟ್‌ವರ್ಕ್ ಎಲ್ಲಿ ಸಿಗ್ತದೆ ಅಂತ ಮೊದಲೇ ತಿಳ್ಕೊಂಡಿರಿ. ಒಬ್ಬರೇ ಇದ್ದಾಗ ಮರ ಹತ್ತಬೇಡಿ. ಧನುರ್ವಾಯು ಇಂಜೆಕ್ಷನ್ ಯಾವಾಗ ತಗೊಂಡಿದ್ದೀರಿ ಅಂತ ಈಗಲೇ ನೆನಪು ಮಾಡ್ಕೊಳ್ಳಿ.

ಆ ಅಕ್ಕ ಈಗಲೂ ನಮ್ಮಲ್ಲಿಗೆ ಕೆಲಸಕ್ಕೆ ಬರ್ತಾರೆ. ಈ ವರ್ಷ ಮರಗಸಿ ಶುರು ಮಾಡಿದ ದಿನ, ನಾನು ಮೇಲಿದ್ದೆ, ಅವರು ಬೇಲಿ ಹತ್ತಿರ ನಿಂತಿದ್ದರು. ಕೊಂಬೆ ಬಿತ್ತು. ಅವರು ಬರಲಿಲ್ಲ. ತಲೆ ಎತ್ತಿ ಕೇಳಿದರು, "ಅಣ್ಣ, ಗರಗಸ ಒಳಗೆ ಹಾಕಿದ್ರಾ?"

"ಹಾಕಿದೆ ಅಕ್ಕ, ಬನ್ನಿ" ಅಂದೆ. ಬಂದರು.

ನಮ್ಮ ತೋಟದಲ್ಲಿ ಈಗ ಇದೇ ರೂಢಿ. ಮೇಲಿನವರು "ಒಳಗೆ" ಅನ್ನೋವರೆಗೆ ಕೆಳಗಿನವರು ಮರದ ಬುಡಕ್ಕೆ ಕಾಲಿಡಲ್ಲ. ನಿಮ್ಮ ತೋಟದಲ್ಲೂ ಈ ಮರಗಸಿಯಿಂದಲೇ ಶುರು ಮಾಡಿ. ಒರೆ ಇಲ್ಲದಿದ್ರೆ ಈ ಭಾನುವಾರ ಹಂಡೆಗೆ ಬೆಂಕಿ ಹಾಕಿ, ಪೈಪಿನ ತುಂಡು ಹುಡುಕಿ. ಪಕ್ಕದ ತೋಟದ ಹುಡುಗ ನಿನ್ನೆ ಸಂಜೆಯೇ ಬಂದು ನಮ್ಮ ಪಂಪ್ ಮನೆಯಿಂದ ಎರಡಡಿ ಪೈಪ್ ತಗೊಂಡು ಹೋಗಿದ್ದಾನೆ.